ನಿಂತ ಎಂಜಿನು, ಕೆಡುವ ಇಂಧನ

ಯಂತ್ರವು ದುಡಿಯುವಾಗ ಸವೆಯುತ್ತದೆಂಬುದನ್ನು ಎಲ್ಲರೂ ಬಲ್ಲರು. ದುಡಿಯದೆ ನಿಂತಿರುವಾಗಲೂ ಅದು ಕೆಡುವುದೆಂಬ ಸಂಗತಿ ನಮ್ಮ ಗಮನಕ್ಕೆ ಬರುವುದು, ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಎಂಜಿನನ್ನು ಮತ್ತೆ ಚಾಲೂ ಮಾಡಹೊರಟ ದಿನ. ಎಷ್ಟು ತಿರುಗಿಸಿದರೂ ಅದು ಹೊತ್ತಿಕೊಳ್ಳದು. ಹೊತ್ತಿಕೊಂಡರೂ ನಾಲ್ಕಾರು ನಿಮಿಷ ಕೆಮ್ಮಿ ನಿಂತುಹೋಗುವುದು. ಬಿಚ್ಚಿ ನೋಡಿದ ಮೆಕ್ಯಾನಿಕ್ಕನಿಗೆ ಅನೇಕ ವೇಳೆ ದೋಷ ಕಾಣುವುದು ಇಂಧನ ಹರಿಯುವ ದಾರಿಯಲ್ಲಿ.

ಕೆನಡಾ, ಸ್ವೀಡನ್ ಮೊದಲಾದ ಶೀತದೇಶಗಳಲ್ಲಿ ಸರೋವರಗಳು ಹೆಪ್ಪುಗಟ್ಟುವ ಮೊದಲೇ ದೋಣಿಗಳನ್ನು ದಡಕ್ಕೆಳೆದು, ಅವುಗಳ ಇಂಧನ ವ್ಯವಸ್ಥೆಯನ್ನು ಚಳಿಗಾಲದ ವಿಶ್ರಾಂತಿಗೆ ಅಣಿಗೊಳಿಸುವುದು ವಾಡಿಕೆ. ನಮ್ಮ ಕರಾವಳಿಯಲ್ಲಿ ಆ ವಿಶ್ರಾಂತಿಯ ಕಾಲ ಮಳೆಗಾಲ. ಜೂನ್ ೧ರಿಂದ ಜುಲೈ ೩೧ರ ವರೆಗೆ, ೬೧ ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಆಗ ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರಗಳ ದಕ್ಕೆಗಳಲ್ಲಿ ದೋಣಿಗಳು ಒಂದರ ಮಗ್ಗುಲಿಗೊಂದು ಲಂಗರು ಹಾಕಿ ನಿಲ್ಲುತ್ತವೆ. ಘಟ್ಟದ ಮೇಲೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಸಮುದ್ರವಿಲ್ಲ, ದಕ್ಕೆಯೂ ಇಲ್ಲ. ಆದರೆ ರಾಗಿಯ ಒಕ್ಕಣೆ ಮುಗಿದ ಮೇಲೆ ಎಷ್ಟೋ ಟಿಲ್ಲರುಗಳೂ ಕಳೆ ಕೀಳುವ ಯಂತ್ರಗಳೂ ಮುಂಗಾರಿನ ಮೊದಲ ಹದದವರೆಗೆ ಕೊಟ್ಟಿಗೆಯಲ್ಲಿ ನಿಂತಿರುತ್ತವೆ. ಕಡಲ ದೋಣಿಗೂ ಕೆಮ್ಮಣ್ಣಿನ ಹೊಲದ ಟಿಲ್ಲರಿಗೂ ತಗಲುವ ರೋಗ ಒಂದೇ.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಎರಡು ವಿರುದ್ಧ ಸಲಹೆಗಳು ಕೇಳಿಬರುತ್ತವೆ. ಟ್ಯಾಂಕನ್ನು ತುಂಬಿಡಬೇಕೆಂದು ಒಬ್ಬರು, ಬರಿದುಮಾಡಬೇಕೆಂದು ಮತ್ತೊಬ್ಬರು. ಎರಡೂ ಸರಿಯೆ. ಮೊದಲನೆಯದು ಡೀಸೆಲ್ಲಿಗೆ, ಎರಡನೆಯದು ಪೆಟ್ರೋಲಿಗೆ. ಹೀಗೇಕೆಂಬುದನ್ನು ವಿಚಾರಮಾಡೋಣ.

ಟ್ಯಾಂಕಿನ ಉಸಿರಾಟ

ಇಂಧನ ಬರಿದಾದಂತೆಲ್ಲ ಆ ಜಾಗಕ್ಕೆ ಗಾಳಿ ಬರಬೇಕಷ್ಟೆ. ಅದಕ್ಕಾಗಿ ಟ್ಯಾಂಕಿಗೆ ಒಂದು ಗಾಳಿಕೊಳವೆಯೋ ಮುಚ್ಚಳದಲ್ಲೊಂದು ಸಣ್ಣ ರಂಧ್ರವೋ ಇರುತ್ತದೆ. ಈ ದಾರಿಯಿಂದ ನಿಂತ ಟ್ಯಾಂಕು ಉಸಿರಾಡುತ್ತದೆ: ಹಗಲು ಕಾದ ಗಾಳಿ ಹಿಗ್ಗಿ ಹೊರಬೀಳುವುದು, ರಾತ್ರಿ ತಣಿದ ಗಾಳಿ ಕುಗ್ಗಿದಾಗ ಹೊರಗಿನ ಗಾಳಿ ಒಳನುಗ್ಗುವುದು.

ಒಂದು ಲೆಕ್ಕ ಮಾಡೋಣ. ದೋಣಿಯ ಟ್ಯಾಂಕಿನಲ್ಲಿ ೧,೦೦೦ ಲೀಟರಿನಷ್ಟು ಸ್ಥಳ ಖಾಲಿಯಿದೆ, ಉಷ್ಣತೆ ಹಗಲು ೩೦, ರಾತ್ರಿ ೨೪ ಡಿಗ್ರಿ ಸೆಲ್ಸಿಯಸ್ ಎನ್ನೋಣ. ಗಾಳಿ ಕುಗ್ಗುವುದು ಸುಮಾರು ಶೇಕಡ ೨. ಅಂದರೆ ರಾತ್ರಿಗೆ ೨೦ ಲೀಟರು ಹೊಸ ಗಾಳಿ ಒಳಗೆ ಬರುತ್ತದೆ. ೨೪ ಡಿಗ್ರಿಯಲ್ಲಿ ಒಂದು ಘನಮೀಟರು ಗಾಳಿ ಹೆಚ್ಚೆಂದರೆ ೨೨ ಗ್ರಾಮಿನಷ್ಟು ನೀರಾವಿಯನ್ನು ಹಿಡಿದಿರಬಲ್ಲುದು. ಹಾಗಾಗಿ ಒಂದು ರಾತ್ರಿ ಬಂದು ಸೇರುವ ತೇವ ಅರ್ಧ ಗ್ರಾಮಿಗೂ ಕಡಮೆ. ಅದೆಲ್ಲವೂ ನೀರಾಗಿ ಒಳಗೇ ಉಳಿದರೂ ೬೧ ದಿನಗಳಿಗೆ ಒಂದೆರಡು ದೊಡ್ಡ ಚಮಚೆಯಷ್ಟಾದೀತು. ಆದರೆ ನೀರು ಡೀಸೆಲ್ಲಿಗಿಂತ ಭಾರ. ತೊಟ್ಟಿಕ್ಕಿದ ಹನಿ ಎಣ್ಣೆಯ ತಳಕ್ಕೆ ಇಳಿದು ಕುಳಿತರೆ ಮತ್ತೆ ಆವಿಯಾಗಿ ಹೋಗುವ ದಾರಿಯೇ ಇಲ್ಲ. ವರ್ಷ ವರ್ಷವೂ ಅದು ಕೂಡುತ್ತಲೇ ಹೋಗುತ್ತದೆ.

ಇದಕ್ಕಿಂತ ದೊಡ್ಡ ಶತ್ರು ಮಳೆ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಸುರಿಯುವ ಉಡುಪಿಯ ತೀರದಲ್ಲಿ, ಅಟ್ಟದ ಮೇಲಿನ ಮುಚ್ಚಳದ ರಬ್ಬರು ಬಿರುಕುಬಿಟ್ಟಿದ್ದರೆ ಗಾಳಿಯ ತೇವ ಎರಡು ತಿಂಗಳಲ್ಲಿ ಮಾಡುವ ಕೇಡನ್ನು ಒಂದೇ ಜಡಿಮಳೆ ಮಾಡಿಬಿಡುತ್ತದೆ. ಬಯಲುಸೀಮೆಯಲ್ಲಿ ಮಳೆಯ ಭಯ ಕಡಮೆ. ಆದರೆ ಮಾಗಿಯಲ್ಲಿ ಹಗಲಿರುಳುಗಳ ಉಷ್ಣತೆಯ ಅಂತರ ಕರಾವಳಿಯದರ ಇಮ್ಮಡಿಯಷ್ಟಾಗುವುದುಂಟು. ಟ್ಯಾಂಕಿನ ಉಸಿರೂ ಅಷ್ಟೇ ದೀರ್ಘವಾಗುತ್ತದೆ.

ಎಣ್ಣೆಯಲ್ಲಿ ಬೆಳೆಯುವ ಬೂಷ್ಟು

ಎರಡು ಚಮಚೆ ನೀರಿನಿಂದ ಏನಾದೀತೆಂದು ಕೇಳಬಹುದು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಒಂದು. ಎರಡನೆಯದು ಇನ್ನೂ ವಿಚಿತ್ರವಾದುದು: ನೀರೂ ಎಣ್ಣೆಯೂ ಕೂಡುವ ಗಡಿಯಲ್ಲಿ ಜೀವಿಗಳು ಬೆಳೆಯುತ್ತವೆ. ಅವುಗಳಿಗೆ ನೀರು ನೆಲೆ, ಎಣ್ಣೆಯೇ ಆಹಾರ. ಇವುಗಳಲ್ಲಿ ಹೆಸರಾದುದು ಅಮಾರ್ಫೊತೀಕ ರೆಸಿನೆ ಎಂಬ ಶಿಲೀಂಧ್ರ; ಇದಕ್ಕೆ ಸೀಮೆಎಣ್ಣೆ ಬೂಷ್ಟೆಂಬ ಅಡ್ಡಹೆಸರೂ ಉಂಟು. ೧೯೬೦ರ ದಶಕದಲ್ಲಿ ಜೆಟ್ ವಿಮಾನಗಳ ಟ್ಯಾಂಕುಗಳಲ್ಲಿ ಇದರ ಹಾವಳಿ ವಿಜ್ಞಾನಿಗಳ ಗಮನ ಸೆಳೆಯಿತು. ಅದರಿಂದ ಹುಟ್ಟಿದ ಆಮ್ಲಗಳು ಲೋಹವನ್ನೇ ತಿನ್ನುತ್ತಿದ್ದವು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ತೆರೆದ ವಿಮಾನ ನಿಲ್ದಾಣದಿಂದ ಹಾರುವ ವಿಮಾನಗಳ ಟ್ಯಾಂಕುಗಳಿಗೂ ತಳದಲ್ಲಿ ನೀರು ಬಸಿಯುವ ಕಿಂಡಿಗಳಿರುವುದು ಇಂಥ ಕಾರಣಗಳಿಂದಲೇ.

ದೋಣಿಯಲ್ಲಿ ಈ ಬೂಷ್ಟು ಕಪ್ಪು ಲೋಳೆಯಾಗಿ ಟ್ಯಾಂಕಿನ ತಳದಲ್ಲಿ ಕುಳಿತಿರುತ್ತದೆ. ದಕ್ಕೆಯಲ್ಲಿ ನಿಂತಿರುವಾಗ ಅದರ ಸುಳಿವೇ ಇರದು. ಅಳಿವೆಬಾಗಿಲು ದಾಟಿ ಮೊದಲ ಅಲೆಗಳು ಕುಲುಕಿದಾಗ ಲೋಳೆ ಎದ್ದು ಫಿಲ್ಟರನ್ನು ಕಟ್ಟುತ್ತದೆ. ಎಂಜಿನಿನ ಬಲ ಹೆಚ್ಚಾಗಿ ಬೇಕಾದ ಗಳಿಗೆಯಲ್ಲೇ ಅದು ನಿಂತುಹೋಗುತ್ತದೆ. ಹೊಲದಲ್ಲಿ ನಿಂತ ಟಿಲ್ಲರಿನಿಂದ ಒಂದು ಹದ ತಪ್ಪೀತು. ಅಳಿವೆಯಲ್ಲಿ ನಿಂತ ದೋಣಿಯಿಂದ ಪ್ರಾಣಕ್ಕೇ ಸಂಚಕಾರ.

ಡೀಸೆಲ್ಲಿಗೆ ತುಂಬಿದ ಟ್ಯಾಂಕು

ಡೀಸೆಲ್ ಎಂಜಿನಿನ ಪಂಪಿನಲ್ಲೂ ಇಂಜೆಕ್ಟರಿನಲ್ಲೂ ಚಲಿಸುವ ಭಾಗಗಳ ನಡುವಣ ಸಂದು ಕೆಲವೇ ಮೈಕ್ರಾನು; ನಮ್ಮ ತಲೆಗೂದಲು ಸುಮಾರು ೭೦ ಮೈಕ್ರಾನು ದಪ್ಪ. ಆ ಭಾಗಗಳಿಗೆ ಜಿಡ್ಡು ಒದಗಿಸುವುದೂ ಡೀಸೆಲ್ಲೇ. ಅಲ್ಲಿಗೆ ನೀರು ಹೊಕ್ಕು ನಿಂತರೆ ತುಕ್ಕು ಹಿಡಿದು ಭಾಗಗಳು ಕಚ್ಚಿಕೊಳ್ಳುವುವು. ಡೀಸೆಲ್ ಬತ್ತಿ ಗಾಳಿ ಹೊಕ್ಕರೂ ತೊಂದರೆಯೆ: ದ್ರವವನ್ನು ಪಂಪು ಒತ್ತಿ ತಳ್ಳಬಲ್ಲುದು, ಗಾಳಿಯಾದರೋ ಒತ್ತಿದಂತೆಲ್ಲ ಕುಗ್ಗಿ, ಬಿಟ್ಟಂತೆಲ್ಲ ಹಿಗ್ಗಿ ಪಂಪಿನ ಶ್ರಮವನ್ನು ವ್ಯರ್ಥಗೊಳಿಸುತ್ತದೆ. ಆದಕಾರಣ ಡೀಸೆಲ್ ಎಂಜಿನನ್ನು ಎಂದಿಗೂ ಇಂಧನ ಬತ್ತಿಸಿ ನಿಲ್ಲಿಸಬಾರದು.

ನಿಲ್ಲಿಸುವ ಕ್ರಮ ಹೀಗೆ. ಮೊದಲು ಟ್ಯಾಂಕಿನ ತಳದ ತಿರುಪನ್ನೂ ಫಿಲ್ಟರಿನ ಕೆಳಗಿನ ಬಟ್ಟಲನ್ನೂ ತೆರೆದು, ಶುದ್ಧ ಡೀಸೆಲ್ ಕಾಣುವವರೆಗೆ ನೀರನ್ನು ಬಸಿಯಬೇಕು. ಅನಂತರ ಟ್ಯಾಂಕನ್ನು ತುಂಬಬೇಕು. ಹಿಗ್ಗಲು ಶೇಕಡ ೫ರಷ್ಟು ಸ್ಥಳ ಬಿಟ್ಟರೆ ಸಾಕು. ಗಾಳಿಗೆ ಜಾಗವಿಲ್ಲದಿದ್ದರೆ ತೇವಕ್ಕೂ ಜಾಗವಿಲ್ಲ. ಬೂಷ್ಟಿನ ಹಾವಳಿ ಇದ್ದಲ್ಲಿ ಅದನ್ನು ಕೊಲ್ಲುವ ಔಷಧವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ ಈಗಲೇ ಬೆರೆಸತಕ್ಕದ್ದು. ಫಿಲ್ಟರು ಬದಲಾಯಿಸಿ, ಕೊಳವೆಗಳ ಗಾಳಿ ತೆಗೆದು, ಹೊಸ ಇಂಧನ ಇಂಜೆಕ್ಟರಿನವರೆಗೂ ತಲುಪುವಂತೆ ಎಂಜಿನನ್ನು ಹತ್ತು ಹದಿನೈದು ನಿಮಿಷ ನಡೆಸಿ ನಿಲ್ಲಿಸಬೇಕು. ಮುಚ್ಚಳದ ರಬ್ಬರನ್ನು ಪರೀಕ್ಷಿಸಬೇಕು. ಗಾಳಿಕೊಳವೆಯ ಬಾಯಿಗೆ ಮಳೆ ಬೀಳದಂತೆ ಮರೆ ಇರಲಿ. ಅದನ್ನು ಪೂರ್ತಿ ಮುಚ್ಚಲಾಗದು.

ಸಾವಿರಾರು ಲೀಟರಿನ ಟ್ಯಾಂಕನ್ನು ತುಂಬಿಸಿ ಎರಡು ತಿಂಗಳು ಹಣವನ್ನು ಕಟ್ಟಿಹಾಕುವುದು ಎಲ್ಲ ಮಾಲೀಕರಿಗೂ ಸಾಧ್ಯವಿಲ್ಲ. ಅಂಥವರು ಟ್ಯಾಂಕನ್ನು ಪೂರ್ತಿ ಬರಿದುಮಾಡಿ, ಒರೆಸಿ, ಒಣಗಿಸಿ ಇಡಬಹುದು. ಎಂಜಿನಿಗೆ ಹೋಗುವ ಕೊಳವೆಯ ಕವಾಟವನ್ನು ಮುಚ್ಚಿ, ಪಂಪು ಫಿಲ್ಟರುಗಳಲ್ಲಿ ಡೀಸೆಲ್ ಉಳಿದಿರುವಂತೆ ನೋಡಿಕೊಳ್ಳಬೇಕು. ಅರ್ಧ ತುಂಬಿದ ಟ್ಯಾಂಕೇ ಎಲ್ಲಕ್ಕಿಂತ ಕೆಟ್ಟದ್ದು.

ಪೆಟ್ರೋಲಿಗೆ ಬರಿದಾದ ಟ್ಯಾಂಕು

ಕಳೆ ಕೀಳುವ ಸಣ್ಣ ಯಂತ್ರಗಳಲ್ಲೂ ಜನರೇಟರುಗಳಲ್ಲೂ ಉರಿಯುವುದು ಹೆಚ್ಚಾಗಿ ಪೆಟ್ರೋಲು. ಇದರ ಸ್ವಭಾವ ಬೇರೆ. ಅದರ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ. ಎಂಜಿನು ಸುಲಭವಾಗಿ ಹೊತ್ತಿಕೊಳ್ಳಲು ಬೇಕಾದವು ಅವೇ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗಿ, ಕಾರ್ಬ್ಯುರೇಟರಿನ ಸೂಜಿಮೊನೆಯಂಥ ರಂಧ್ರಗಳನ್ನು ಕಟ್ಟುತ್ತದೆ.

ಇದರ ಮೇಲೆ ಇನ್ನೊಂದು ಸಂಗತಿ ಸೇರಿದೆ. ಕಬ್ಬಿನಿಂದಲೂ ಧಾನ್ಯದಿಂದಲೂ ತಯಾರಾದ ಎಥನಾಲನ್ನು ೨೦೨೫ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡ ೨೦ರ ಮಟ್ಟಕ್ಕೆ ಬೆರೆಸಲಾಗಿದೆ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಒಂದು ಮಿತಿಯವರೆಗೆ ಆ ನೀರು ಬೆರೆತೇ ಇರುವುದರಿಂದ ತೊಂದರೆಯಿಲ್ಲ. ಮಿತಿ ಮೀರಿದರೆ ಎಥನಾಲೂ ನೀರೂ ಕೂಡಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನು ಮೊದಲು ಹೀರುವುದು ಆ ತಳದ ದ್ರವವನ್ನೇ. ಚಳಿ ಹೆಚ್ಚಿದಷ್ಟೂ ಈ ಮಿತಿ ತಗ್ಗುತ್ತದೆ.

ಆದುದರಿಂದ ಪೆಟ್ರೋಲ್ ಯಂತ್ರವನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನು ಬರಿದುಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದುದು ತೀರಿ ತಾನೇ ನಿಲ್ಲುವವರೆಗೆ ಎಂಜಿನನ್ನು ನಡೆಸಬೇಕು. ಕಾರ್ಬ್ಯುರೇಟರಿನ ಬಟ್ಟಲಿನ ತಿರುಪು ಸಡಿಲಿಸಿ ಕೊನೆಯ ಹನಿಗಳನ್ನೂ ಬಸಿಯುವುದು ಮೇಲು. ಈ ಕೆಲಸ ಬಯಲಿನಲ್ಲಿ, ತಣಿದ ಎಂಜಿನಿನ ಮೇಲೆ, ಬೆಂಕಿಯಿಂದ ದೂರದಲ್ಲಿ ನಡೆಯಬೇಕು. ಬಸಿದ ಎಣ್ಣೆಯನ್ನು ಮಣ್ಣಿಗಾಗಲಿ ಚರಂಡಿಗಾಗಲಿ ಚೆಲ್ಲಬಾರದು. ದೊಡ್ಡಬಳ್ಳಾಪುರದ ಚರಂಡಿಯ ನೀರು ಕಡೆಗೆ ಸೇರುವುದು ಅರ್ಕಾವತಿಯ ಕಣಿವೆಯನ್ನು. ದಕ್ಕೆಯಲ್ಲಿ ಚೆಲ್ಲಿದ್ದು ಸೇರುವುದು ಮೀನಿನ ನೀರನ್ನು.

ಮತ್ತೆ ಚಾಲೂ ಮಾಡುವ ದಿನ

ವಿಶ್ರಾಂತಿ ಮುಗಿದಾಗ ಮೊದಲು ಕೈಹಾಕಬೇಕಾದುದು ಚಾವಿಗಲ್ಲ, ತಳದ ತಿರುಪಿಗೆ. ಕುಳಿತ ನೀರು ಕದಡುವ ಮೊದಲೇ ಒಂದು ಗಾಜಿನ ಸೀಸೆಗೆ ಸ್ವಲ್ಪ ಡೀಸೆಲ್ ಬಸಿದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿದ್ದರೆ ಒಳ್ಳೆಯದು. ಕೆಳಗೊಂದು ಪದರ ಕಂಡರೆ ನೀರುಂಟು. ಪದರಗಳ ನಡುವೆ ಕಪ್ಪು ನೂಲಿನಂಥದು ತೇಲಿದರೆ ಬೂಷ್ಟುಂಟು. ಬೂಷ್ಟು ಕಂಡಲ್ಲಿ ಟ್ಯಾಂಕನ್ನು ತೊಳೆಯದೆ ಫಿಲ್ಟರನ್ನಷ್ಟೇ ಬದಲಾಯಿಸಿ ಫಲವಿಲ್ಲ. ಅನಂತರ ದೋಣಿಯನ್ನು ದಕ್ಕೆಯಲ್ಲೇ ಕಟ್ಟಿಕೊಂಡು ಎಂಜಿನನ್ನು ಅರ್ಧ ಗಂಟೆ ನಡೆಸಿ, ಫಿಲ್ಟರಿನ ಬಟ್ಟಲನ್ನು ಇನ್ನೊಮ್ಮೆ ನೋಡಬೇಕು. ಆಗಸ್ಟ್ ಆರಂಭದ ಕಡಲು ಇನ್ನೂ ಪೂರ್ತಿ ಶಾಂತವಾಗಿರುವುದಿಲ್ಲ; ಈ ಪರೀಕ್ಷೆಯನ್ನು ಅಳಿವೆಯ ಅಲೆಗಳಿಗೆ ಬಿಡುವುದಕ್ಕಿಂತ ದಕ್ಕೆಯಲ್ಲೇ ಮುಗಿಸುವುದು ಲೇಸು.