ಕುಸಿದ ಗಣಕದ ಪಂಚನಾಮೆ

ಇಚಲಕರಂಜಿಯ ಯಂತ್ರಮಗ್ಗದಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನಾಗಿಯೇ ನಿಲ್ಲುತ್ತದೆ. ನಿಂತಷ್ಟು ಹೊತ್ತು ಕೂಲಿ ನಷ್ಟ. ನಿಲ್ಲದಿದ್ದರೆ ಬಟ್ಟೆಯೇ ನಷ್ಟ. ಈ ಲೆಕ್ಕವನ್ನು ಅಕಿವಾಟದ ಸುತ್ತಲಿನ ಮನೆಗಳಿಗೆ ವಿವರಿಸಬೇಕಾಗಿಲ್ಲ. ಗಣಕಯಂತ್ರವು ಕೆಲಸದ ನಡುವೆ ಥಟ್ಟನೆ ನಿಂತು, ಪರದೆಯ ಮೇಲೆ ಅರ್ಥವಾಗದ ಸಾಲುಗಳನ್ನು ತೋರುವುದೂ ಅನೇಕ ಸಲ ಇದೇ ಲೆಕ್ಕದಿಂದ.

ಗಣಕದ ಸ್ಮೃತಿಯಲ್ಲಿ ಎಲ್ಲವೂ ಸೊನ್ನೆ, ಒಂದುಗಳ ರೂಪದಲ್ಲಿರುತ್ತದೆ. ವಿದ್ಯಾರ್ಥಿಯೊಬ್ಬನ 35 ಅಂಕಗಳು ಅಲ್ಲಿ 00100011. ಚಿಪ್‌ನ ದೋಷದಿಂದ ಎಡಗಡೆಯ ಎರಡನೆಯ ಸೊನ್ನೆ ಒಂದಾಗಿ ಮಗುಚಿದರೆ 01100011, ಅಂದರೆ 99! ಹುಡುಗನಿಗೆ ಹಿಗ್ಗಾದೀತು, ಅದೇ ತಪ್ಪು ಬ್ಯಾಂಕಿನ ಖಾತೆಯಲ್ಲಾದರೆ? ಸರ್ವರುಗಳಲ್ಲಿ ಬಳಸುವ ಇಸಿಸಿ ಸ್ಮೃತಿಯು ಸಾಮಾನ್ಯವಾಗಿ ಒಂದು ಬಿಟ್‌ನ ತಪ್ಪನ್ನು ತಾನೇ ತಿದ್ದುತ್ತದೆ. ಎರಡು ಒಟ್ಟಿಗೆ ಕೆಟ್ಟರೆ ಗುರುತಿಸಬಲ್ಲದು, ತಿದ್ದಲಾರದು. ಆಗ ಪ್ರೊಸೆಸರ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ದೂರು ಮುಟ್ಟಿಸುತ್ತದೆ. ಕೆಟ್ಟ ಭಾಗ ಯಾವುದೋ ಒಂದು ಪ್ರೋಗ್ರಾಮಿನದಾದರೆ ಅದನ್ನಷ್ಟೇ ನಿಲ್ಲಿಸಿ ಮುಂದುವರಿಯುವುದು ಕೆಲವೊಮ್ಮೆ ಸಾಧ್ಯ. ಕರ್ನೆಲ್‌ನದೇ ಆದರೆ ಇಡೀ ಯಂತ್ರವನ್ನು ನಿಲ್ಲಿಸುವುದೇ ಕ್ಷೇಮ.

ನಿಂತ ಮೇಲೆ ಕಾರಣವನ್ನು ದಾಖಲಿಸುವವರು ಯಾರು? ಕೃಷ್ಣೆಯ ಮಹಾಪೂರ ಇಳಿದ ಮೇಲೆ ತಲಾಠಿಯವರು ಬಂದು, ಬಿದ್ದ ಗೋಡೆಯನ್ನು ಇದ್ದಂತೆಯೇ ನೋಡಿ ಪಂಚನಾಮೆ ಬರೆಯುತ್ತಾರೆ. ಗಣಕದ ಪಂಚನಾಮೆಗೆ ಕ್ರ್ಯಾಶ್ ಡಂಪ್ ಎಂದು ಹೆಸರು: ಕುಸಿದ ಗಳಿಗೆಯಲ್ಲಿ ಸ್ಮೃತಿಯಲ್ಲಿದ್ದುದರ ಯಥಾವತ್ತಾದ ನಕಲು. ತೊಡಕೆಂದರೆ, ಲಿನಕ್ಸ್‌ನ ಹಳೆಯ ವಿಧಾನಗಳಲ್ಲಿ ಅದನ್ನು ಕುಸಿದ ಕರ್ನೆಲ್‌ನಿಂದಲೇ ಬರೆಸಬೇಕಾಗುತ್ತಿತ್ತು. ಬಿದ್ದ ಮನೆಯೇ ತನ್ನ ಪಂಚನಾಮೆ ಬರೆದುಕೊಂಡಂತೆ! ಅದು ಅರ್ಧಕ್ಕೇ ನಿಲ್ಲಬಹುದಿತ್ತು. ಡಿಸ್ಕ್‌ನಲ್ಲಿದ್ದ ಒಳ್ಳೆಯ ಮಾಹಿತಿಯನ್ನೇ ಅಳಿಸಿಬಿಡುವ ಭಯವೂ ಇತ್ತು.

ಇದಕ್ಕೆ ದೊರೆತ ಉತ್ತರದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಅಲ್ಲಿನ ಐಬಿಎಂ ಸಂಸ್ಥೆಯ ಎಂಜಿನಿಯರುಗಳಾದ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ ಅವರು ಎರಿಕ್ ಬೀಡರ್‌ಮನ್ ಅವರೊಡನೆ ಬರೆದ ‘ಕೆಡಂಪ್’ ಕುರಿತ ಪ್ರಬಂಧವು 2005ರ ಒಟ್ಟಾವಾ ಲಿನಕ್ಸ್ ಸಮ್ಮೇಳನದಲ್ಲಿ ಪ್ರಕಟವಾಯಿತು. ಅದೇ ಆಗಸ್ಟಿನಲ್ಲಿ ಹೊರಬಂದ ಲಿನಕ್ಸ್ 2.6.13 ಆವೃತ್ತಿಗೆ ಆ ವಿಧಾನ ಸೇರಿತು. ಯುಕ್ತಿ ಸರಳ: ಸ್ಮೃತಿಯ ಒಂದು ಮೂಲೆಯನ್ನು ಮೊದಲೇ ಕಾದಿರಿಸಿ, ಅಲ್ಲಿ ಎರಡನೆಯ ಕರ್ನೆಲ್ ಒಂದನ್ನು ತಂದಿರಿಸುವುದು. ಮೊದಲನೆಯದು ಆ ಮೂಲೆಯನ್ನು ಬಳಸುವುದೇ ಇಲ್ಲ. ಆದ್ದರಿಂದ ಅದರ ಕೇಡು ಇದಕ್ಕೆ ತಗಲುವ ಸಂಭವ ಕಡಿಮೆ. ಕುಸಿತವಾದೊಡನೆ ಯಂತ್ರವನ್ನು ಆರಿಸದೆ ನಿಯಂತ್ರಣವು ಎರಡನೆಯದಕ್ಕೆ ಹೋಗುತ್ತದೆ. ಆರಿಸಿದರೆ ಸ್ಮೃತಿಯೇ ಅಳಿದು ಸಾಕ್ಷ್ಯ ಉಳಿಯದು. ಎಚ್ಚತ್ತ ಹೊಸ ಕರ್ನೆಲ್ ಹಳೆಯದರ ಸ್ಮೃತಿಯನ್ನು ಡಿಸ್ಕ್‌ಗೆ ನಕಲು ಮಾಡಿ, ಬಳಿಕ ಯಂತ್ರವನ್ನು ಮರಳಿ ಆರಂಭಿಸುತ್ತದೆ. ಕಾದಿರಿಸಿದ ಸ್ಮೃತಿ ದಿನನಿತ್ಯದ ಕೆಲಸಕ್ಕೆ ದೊರೆಯದೆಂಬುದು ನಿಜ. ಸರ್ವರ್ ನಡೆಸುವವರಿಗೆ ಅದು ದುಬಾರಿಯೇನಲ್ಲ.

ಮನೆಯ ಗಣಕದಲ್ಲಿ ಇಷ್ಟೆಲ್ಲ ಸಿದ್ಧತೆ ಇರುವುದು ಅಪರೂಪ. ವಿಂಡೋಸ್ ಮಾತ್ರ ಸಾಮಾನ್ಯವಾಗಿ ‘ಮಿನಿಡಂಪ್’ ಎಂಬ ಫೋಲ್ಡರಿನಲ್ಲಿ ಚಿಕ್ಕ ದಾಖಲೆಯೊಂದನ್ನು ಇರಿಸುತ್ತದೆ. ಪರದೆ ನಿಂತಾಗ ಗುಂಡಿ ಒತ್ತುವ ಮೊದಲು ಅಲ್ಲಿನ ಸಾಲುಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ದುರಸ್ತಿಯವರಿಗೆ ಅನುಕೂಲ. ಪೂರ್ಣ ಡಂಪ್ ಕಡತವನ್ನು ಮಾತ್ರ ಅಪರಿಚಿತರ ಕೈಗೆ ಕೊಡಬಾರದು: ಕುಸಿದ ಕ್ಷಣದಲ್ಲಿ ಸ್ಮೃತಿಯಲ್ಲಿದ್ದ ಪಾಸ್‌ವರ್ಡುಗಳೂ ಅದರಲ್ಲಿ ಇರಬಹುದು.