ಎಲ್‌ಇಡಿಗೆ ಉಬ್ಬು ತಲೆ ಏಕೆ?

ರಾತ್ರಿ ತ್ರೀಫೇಸ್ ಕರೆಂಟ್ ಬರುವ ಊರುಗಳಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ಹೊರಟ ರೈತನಿಗೆ ಹೊಲದ ಆಚೆ ಬದುವಿನವರೆಗೂ ಮುಟ್ಟುವ ಟಾರ್ಚ್ ಬೇಕು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ 1000 ಲ್ಯೂಮೆನ್ ನಂಬಿ ಕೊಂಡರೆ, ಕಾಲಬುಡವೆಲ್ಲ ಝಗಮಗಿಸಿ ಬದು ಮಾತ್ರ ಕತ್ತಲಲ್ಲೇ ಉಳಿಯಬಹುದು. 300 ಲ್ಯೂಮೆನ್‌ನ ಇನ್ನೊಂದು ಟಾರ್ಚ್ ಬದು ದಾಟಿ ತೆಂಗಿನ ಸುಳಿಯನ್ನೂ ತೋರಿಸೀತು. ಇದರಲ್ಲಿ ಬ್ಯಾಟರಿಯ ಪಾತ್ರವೇನಿಲ್ಲ. ಎಲ್‌ಇಡಿಯ ಮುಂದೆ ಕೂತ ಮಸೂರದ ಆಕಾರವೇ ಬೇರೆ.

ಮಸೂರಕ್ಕೆ ಎರಡು ಕೆಲಸ. ಮೊದಲನೆಯದು, ಒಳಗೆ ಸಿಕ್ಕಿಬಿದ್ದ ಬೆಳಕನ್ನು ಹೊರಗೆ ತರುವುದು. ನೀಲಿ ಮತ್ತು ಬಿಳಿ ಎಲ್‌ಇಡಿಗಳಲ್ಲಿ ಬೆಳಕು ಹುಟ್ಟುವುದು ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವಿನ ಪುಟ್ಟ ಚಿಪ್‌ನಲ್ಲಿ. ಅದರ ವಕ್ರೀಭವನಾಂಕ ಸುಮಾರು 2.5, ಗಾಳಿಯದು 1. ಈ ಅಂತರ ಹೆಚ್ಚಿದಷ್ಟೂ ಬೆಳಕಿಗೆ ಹೊರದಾರಿ ಕಿರಿದು. ಲಂಬಕ್ಕಿಂತ ಸುಮಾರು 24 ಡಿಗ್ರಿ ಹೆಚ್ಚು ಓರೆಯಾಗಿ ಚಿಪ್‌ನ ಮೇಲ್ಮೈಗೆ ಬಡಿದ ಕಿರಣ ಹೊರಬೀಳದೆ ಒಳಕ್ಕೇ ಮರಳುತ್ತದೆ. ಚಪ್ಪಟೆ ಮೇಲ್ಮೈಯಿಂದ ಮೊದಲ ಯತ್ನದಲ್ಲೇ ಗಾಳಿಗೆ ದಾಟುವುದು ಹುಟ್ಟಿದ ಬೆಳಕಿನಲ್ಲಿ ಶೇ. 4ರಷ್ಟು ಮಾತ್ರ.

ಚಿಪ್‌ಗೆ ಎಪಾಕ್ಸಿ ಅಥವಾ ಸಿಲಿಕೋನ್ ಹೊದಿಸಿದರೆ ಈ ಪಾಲು ಶೇ. 10ರ ಹತ್ತಿರಕ್ಕೆ ಏರುತ್ತದೆ, ಏಕೆಂದರೆ ಅವುಗಳ ವಕ್ರೀಭವನಾಂಕ ಸುಮಾರು 1.5. ಆದರೆ ಹೊದಿಕೆಯ ನೆತ್ತಿ ಚಪ್ಪಟೆಯಾಗಿದ್ದರೆ, ಚಿಪ್ ದಾಟಿ ಬಂದ ಬೆಳಕು ಅಲ್ಲಿ ಮತ್ತೆ ತಡೆ ಕಾಣುತ್ತದೆ. ಅದನ್ನು ಅರ್ಧಗೋಲವಾಗಿಸಿ ನಡುವೆ ಚಿಪ್ ಕೂರಿಸಿದರೆ ಎಲ್ಲ ಕಿರಣಗಳೂ ಗುಮ್ಮಟದ ಗೋಡೆಗೆ ಹೆಚ್ಚುಕಡಿಮೆ ನೇರವಾಗಿಯೇ ತಾಗಿ ಹೊರನಡೆಯುತ್ತವೆ. ಎಲ್‌ಇಡಿಗೆ ಉಬ್ಬು ತಲೆ ಬಂದದ್ದು ಹೀಗೆ. ಆಗಲೂ ಒಳಗೇ ಉಳಿದ ಬೆಳಕಿಗಾಗಿ ಚಿಪ್‌ನ ಮೇಲ್ಮೈಯನ್ನು ತರಿಗೊಳಿಸುತ್ತಾರೆ, ಅಡಿಯಲ್ಲಿ ಕನ್ನಡಿ ಪದರ ಇಡುತ್ತಾರೆ.

ಎರಡನೆಯ ಕೆಲಸ, ಹೊರಬಂದ ಬೆಳಕಿಗೆ ದಿಕ್ಕು ತೋರಿಸುವುದು. ಇಲ್ಲಿ ಮಸೂರ ಹೊಸ ಬೆಳಕನ್ನೇನೂ ಸೇರಿಸುವುದಿಲ್ಲ, ತಾನೇ ಒಂದಿಷ್ಟನ್ನು ನುಂಗುತ್ತದೆ. ಲ್ಯೂಮೆನ್ ಎಂದರೆ ಎಲ್ಲ ದಿಕ್ಕಿಗೂ ಹೋಗುವ ಬೆಳಕಿನ ಒಟ್ಟು ಮೊತ್ತ. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿನಲ್ಲಿ ಅದರ ತೀವ್ರತೆ. 100 ಲ್ಯೂಮೆನ್ ಬೆಳಕನ್ನು 60 ಡಿಗ್ರಿ ಅಗಲದ ಶಂಕುವಿನಲ್ಲಿ ಸಮನಾಗಿ ಹರಡಿದರೆ ಸುಮಾರು 119 ಕ್ಯಾಂಡೆಲಾ. ಅದನ್ನೇ 30 ಡಿಗ್ರಿಗೆ ಕಿರಿದಾಗಿಸಿದರೆ ಸುಮಾರು 467. ಕೋನ ಅರ್ಧಕ್ಕಿಳಿದರೆ ತೀವ್ರತೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಬೆಳಕು ತಲುಪುವ ದೂರ ಮಾತ್ರ ಎರಡೇ ಪಟ್ಟು. ಟಾರ್ಚ್ ತಯಾರಕರು ಬಳಸುವ ಎಎನ್‌ಎಸ್‌ಐ ಎಫ್‌ಎಲ್ 1 ಮಾನದಂಡದಲ್ಲಿ, ಬೆಳಕು 0.25 ಲಕ್ಸ್‌ಗೆ, ಅಂದರೆ ಸುಮಾರು ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ಜಾಗವೇ ಅದರ ಎಲ್ಲೆ. 10,000 ಕ್ಯಾಂಡೆಲಾ ಟಾರ್ಚಿಗೆ ಆ ಎಲ್ಲೆ 200 ಮೀಟರ್.

ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಎಲ್‌ಇಡಿಯನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೊಂದು ಪುಟ್ಟ ಲೋಹದ ಬಟ್ಟಲು, ಅದರಲ್ಲಿ ಚಿಪ್ ಕಾಣುತ್ತದೆ. ಚಿಪ್ ಗುಮ್ಮಟದ ನೆತ್ತಿಯಿಂದ ಕೆಳಗೆ ಹೋದಷ್ಟೂ ಬೆಳಕಿನ ಕೋಲು ಕಿರಿದಾಗುತ್ತದೆ. ಮೇಲೆ ಬಂದಷ್ಟೂ ಅಗಲವಾಗುತ್ತದೆ. ಸಂದೇಶ ಫಲಕಗಳಿಗೆ ಮೊಟ್ಟೆಯಾಕಾರದ ತಲೆಯ ಎಲ್‌ಇಡಿಗಳಿವೆ. ಅವುಗಳ ಬೆಳಕು ಎಡಬಲಕ್ಕೆ ಅಗಲ, ಮೇಲೆ ಕೆಳಗೆ ಕಿರಿದು. ಆಕಾಶದಿಂದ ಫಲಕ ಓದುವವರು ಯಾರೂ ಇಲ್ಲವಲ್ಲ!

ಹ್ಯೂಲೆಟ್ ಪ್ಯಾಕರ್ಡ್ 1972ರಲ್ಲಿ ತಂದ ಎಚ್‌ಪಿ-35 ಕ್ಯಾಲ್ಕುಲೇಟರ್ ಇದೇ ಜಾಣ್ಮೆಯನ್ನು ಬಳಸಿತ್ತು. ದೊಡ್ಡ ಅಂಕಿಗಳನ್ನು ಬೆಳಗಿಸಿದರೆ ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು. ಹಾಗಾಗಿ ಪುಟಾಣಿ ಕೆಂಪು ಅಂಕಿಗಳ ಮೇಲೆ ಪ್ಲಾಸ್ಟಿಕ್ಕಿನ ಉಬ್ಬು ಮಸೂರ ಕೂರಿಸಿದರು. ಅಂಕಿ ದೊಡ್ಡದಾಗಿ, ಪ್ರಖರವಾಗಿ ಕಂಡಿತು. ಆದರೆ ನೇರ ಎದುರಿನಿಂದ ನೋಡಿದರಷ್ಟೇ.

ಇಂದಿನ ಅನೇಕ ಟಾರ್ಚುಗಳಲ್ಲಿರುವುದು ಬಟ್ಟಲಿನಾಕಾರದ ಅಕ್ರಿಲಿಕ್ ಮಸೂರ. ಅದರ ನಡುವಿನ ಉಬ್ಬು ಎದುರಿಗೆ ಬಂದ ಕಿರಣಗಳನ್ನು ನೆಟ್ಟಗೆ ಮಾಡುತ್ತದೆ. ಪಕ್ಕಕ್ಕೆ ಚೆಲ್ಲಿದವು ಇಳಿಜಾರು ಗೋಡೆಗೆ ತಾಗಿ, ಕನ್ನಡಿ ಲೇಪವೇ ಇಲ್ಲದೆ ಪೂರ್ಣವಾಗಿ ಪ್ರತಿಫಲಿಸಿ ಮುಂದಕ್ಕೆ ತಿರುಗುತ್ತವೆ. ಚಿಪ್ ದೊಡ್ಡದಾದರೆ ಕೋಲು ಅಗಲವಾಗುವುದು ತಪ್ಪದು. ಅದನ್ನು ಕಿರಿದಾಗಿಸಲು ಮಸೂರವೂ ದೊಡ್ಡದಾಗಬೇಕು. ದೂರ ಹೊಡೆಯುವ ಟಾರ್ಚುಗಳ ಮೂತಿ ಅಗಲವಿರುವುದು ಇದಕ್ಕೇ.

ಬೀದಿದೀಪದ ಲೆಕ್ಕವೇ ಬೇರೆ. ಕಂಬದ ಬುಡದಲ್ಲಿ ಬೆಳಕು ಸುರಿದು, ಎರಡು ಕಂಬಗಳ ನಡುವೆ ಕತ್ತಲಿದ್ದರೆ ಪ್ರಯೋಜನವಿಲ್ಲ. ದೂರದ ಜಾಗಕ್ಕೆ ಬೆಳಕು ಓರೆಯಾಗಿ ಬೀಳುತ್ತದೆ, ದಾರಿಯೂ ಉದ್ದ. ಹಾಗಾಗಿ 60 ಡಿಗ್ರಿ ಓರೆಯಲ್ಲಿ ರಸ್ತೆಯನ್ನು ಬುಡದಷ್ಟೇ ಬೆಳಗಿಸಲು ಆ ದಿಕ್ಕಿಗೆ ಎಂಟು ಪಟ್ಟು ತೀವ್ರತೆ ಬೇಕು. ಇದಕ್ಕಾಗಿ ಶೇಂಗಾಕಾಯಿಯಂತೆ ನಡು ತಗ್ಗಿದ ಮಸೂರಗಳನ್ನು ಬಳಸುತ್ತಾರೆ. ನಡುವಿನ ಬೆಳಕನ್ನು ಕಡಿಮೆ ಮಾಡಿ ಎರಡೂ ಬದಿಗೆ, ರಸ್ತೆಯುದ್ದಕ್ಕೂ ತಳ್ಳುವುದು ಅವುಗಳ ಕೆಲಸ. ಇಂಥ ಮಸೂರವನ್ನು ಜೋಡಿಸುವಾಗ ಕಾಲು ಸುತ್ತು ತಪ್ಪಿದರೂ, ರಸ್ತೆಗೆಂದು ಇಟ್ಟ ಬೆಳಕು ಎದುರು ಮನೆಯ ಕಿಟಕಿಗೆ ಹೊಡೆಯುತ್ತದೆ.