ಕೃಷ್ಣೆಯ ನಡುಗಡ್ಡೆಗಳೂ ಅಲ್ಲಿಯವರ ಧೈರ್ಯವೂ

ದ್ವೀಪವೆಂದೊಡನೆ ನಮ್ಮ ವಿದ್ಯಾರ್ಥಿನಿಯರ ಮನಸ್ಸಿಗೆ ಭೂಪಟದ ನೀಲಿಯ ನಡುವಣ ಚುಕ್ಕೆಯೂ, ಅದರ ಮೇಲೆರಗುವ ಚಂಡಮಾರುತವೂ ಹೊಳೆಯುವವು. ಆದರೆ ಸಮುದ್ರಕ್ಕೆ ಬಹು ದೂರವಾದ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿಯೂ ಮಳೆಗಾಲದಲ್ಲಿ ನಡುಗಡ್ಡೆಗಳು ಉಂಟಾಗುತ್ತವೆ. ವಿಶೇಷವೇನೆಂದರೆ, ನಮ್ಮ ಆಕಾಶವು ನಿರ್ಮಲವಾಗಿರುವಾಗಲೂ ಹೊಳೆಯು ಏರಬಹುದು.

ಇದಕ್ಕೆ ಕಾರಣವು ಸಹ್ಯಾದ್ರಿಯಲ್ಲಿದೆ. ಅಲ್ಲಿ ಸುರಿದ ಮಳೆಯನ್ನು ಕೊಯ್ನಾ, ವಾರಣಾ, ಪಂಚಗಂಗಾ ನದಿಗಳು ಕೃಷ್ಣೆಗೆ ತಂದು ಸೇರಿಸುತ್ತವೆ. ಮುಧೋಳದ ಕಡೆಗೆ ಘಟಪ್ರಭೆಯು ಬೇರೆಯಾಗಿ ತುಂಬಿ ಬರುತ್ತದೆ. ಕೆಳಗೆ ಆಲಮಟ್ಟಿಯ ಜಲಾಶಯವು 519.60 ಮೀಟರಿನವರೆಗೆ ತುಂಬಿದರೆ ಹಿನ್ನೀರು ನಮ್ಮ ಹೊಲಗಳ ಅಂಚಿನಲ್ಲಿಯೇ ನಿಂತಿರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. ಲಕ್ಷ ಕ್ಯೂಸೆಕ್ ಎಂದರೆ ಎಷ್ಟೆಂಬುದನ್ನು ಬಾಲಿಕೆಯರು ತಾವೇ ಗುಣಿಸಿ ನೋಡಲಿ. 2019ರ ಆಗಸ್ಟಿನಲ್ಲಿ ಈ ಎರಡು ನದಿಗಳೂ ಒಂದೇ ವೇಳೆಗೆ ಉಕ್ಕಿದವು. ಜಮಖಂಡಿ ತಾಲೂಕಿನ ಮುತ್ತೂರಿನಂಥ ಎಡೆಗಳಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸುವುದಕ್ಕಿಂತ ದನಕರುಗಳನ್ನು ಸಾಗಿಸುವುದೇ ಕಷ್ಟ. ಎಮ್ಮೆಯನ್ನು ಬಿಟ್ಟು ಬಾರೆನೆನ್ನುವ ಮುದುಕಿಯನ್ನು ಮೂರ್ಖಳೆನ್ನಬಾರದು; ನೀರಿಳಿದ ಮೇಲೆ ಆ ಮನೆಯು ಮತ್ತೆ ನಿಲ್ಲುವುದು ಅದರ ಹಾಲಿನಿಂದಲೇ.

ಇದೇ ಕೃಷ್ಣೆಯು ಕೆಳಗೆ ಬಸವಸಾಗರವನ್ನು ದಾಟಿ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡೆಯನ್ನು ಸುತ್ತುವರಿಯುತ್ತಾಳೆ. 2014ರ ಜುಲೈ ಕೊನೆಯಲ್ಲಿ ಆ ಗಡ್ಡೆಯ ಒಬ್ಬ ತುಂಬು ಗರ್ಭಿಣಿಯು, ಊರಲ್ಲಿ ವೈದ್ಯಸಹಾಯವಿಲ್ಲದ್ದರಿಂದ ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಬೇಕೆಂದು ನಿಶ್ಚಯಿಸಿ, ತುಂಬಿದ ಹೊಳೆಗೆ ಇಳಿದಳು. ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿ, ತಂದೆಯೂ ಅಣ್ಣನೂ ಅವಳ ಜೊತೆಯಲ್ಲಿ ಈಜಿದರು. ಅವಳು ಸುರಕ್ಷಿತವಾಗಿ ದಡ ಸೇರಿ ಕಕ್ಕೇರಾ ಗ್ರಾಮವನ್ನು ಮುಟ್ಟಿದಳು.

ಸೋರೆಬುರುಡೆಯ ಗುಣವನ್ನು ಸ್ವಲ್ಪ ವಿಚಾರಿಸೋಣ. ಬಲಿತು ಒಣಗಿದ ಕಾಯಿಯ ಚಿಪ್ಪು ಕಟ್ಟಿಗೆಯಂತೆ ಗಟ್ಟಿಯಾಗಿ ನೀರನ್ನು ಒಳಬಿಡದು. ಒಳಗೆ ಬರಿಯ ಗಾಳಿ. ಮೂರು ಲೀಟರು ಹಿಡಿಯುವಷ್ಟು ದೊಡ್ಡ ಬುರುಡೆಯನ್ನು ಮುಳುಗಿಸಿದರೆ ಅದು ಮೂರು ಕಿಲೋಗ್ರಾಂ ನೀರನ್ನು ಸರಿಸಿ, ತನ್ನ ಅಲ್ಪ ತೂಕವನ್ನು ಕಳೆದು ಉಳಿದ ಬಲದಿಂದ ಮೇಲಕ್ಕೆತ್ತುತ್ತದೆ. ಮನುಷ್ಯದೇಹವು ಹೆಚ್ಚು ಕಡಿಮೆ ನೀರಿನಷ್ಟೇ ಭಾರವಾದುದರಿಂದ, ತಲೆಯನ್ನು ನೀರಿನ ಮೇಲಿಡಲು ಅಂಥ ಎರಡು ಮೂರು ಬುರುಡೆಗಳೇ ಸಾಕು. ಆರ್ಕಿಮಿಡೀಸನ ನಿಯಮವನ್ನು ಕಂಠಪಾಠ ಮಾಡುವ ನಮ್ಮವರಲ್ಲಿ ಎಷ್ಟು ಮಂದಿಗೆ ಈಜು ಬರುವುದೋ! ಪೌಲನ ಹಡಗು ಒಡೆದಾಗಲೂ ಈಜಬಲ್ಲವರು ಮೊದಲು ಧುಮುಕಿದರು. ಮಿಕ್ಕವರು ಹಲಗೆಗಳ ಮೇಲೆ ತೇಲಿ ಮೆಲೀತೆ ದ್ವೀಪವನ್ನು ಸೇರಿದರು. ಆ 276 ಮಂದಿಗೆ ಮಳೆಯಲ್ಲಿ ಬೆಂಕಿ ಹೊತ್ತಿಸಿ ಕೊಟ್ಟವರು ಗುರುತಿಲ್ಲದ ದ್ವೀಪವಾಸಿಗಳೇ.

ಆ ತಾಯಿಯ ಧೈರ್ಯವನ್ನು ಹೊಗಳುವುದು ಸುಲಭ. ಗರ್ಭಿಣಿಯು ಹೊಳೆ ಈಜಬೇಕಾಗಿ ಬಂದುದು ಮಾತ್ರ ನಾಡಿಗೆ ಭೂಷಣವಲ್ಲ. ಅವಳಿಗೆ ಬೇಕಾಗಿದ್ದುದು ಹೊಗಳಿಕೆಯಲ್ಲ, ಸೇತುವೆ. ಸರಕಾರವು ಮಾಡಲೆಂದು ಕಾಯದೆ ಜನರೇ ಕೈಹಚ್ಚಿದ ಉದಾಹರಣೆಯೂ ನಮ್ಮ ನೆರೆಯಲ್ಲಿದೆ. ಬೇಸಗೆಯಲ್ಲಿ ಬತ್ತುತ್ತಿದ್ದ ಇದೇ ಕೃಷ್ಣೆಗೆ 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣದಿಂದ, ತಮ್ಮದೇ ದುಡಿಮೆಯಿಂದ ಅಡ್ಡಗಟ್ಟೆಯನ್ನು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದು ಹೆಸರು.